ಹಳೆಯ ಬೇಸ್‌ಬಾಲ್ ಫೋಟೊದಲ್ಲಿರುವ ತಂಡ ಯಾವುದು? ಗುರುತಿಸುವ ಕ್ರಮ

ಅಮೆರಿಕದ ಹಳೆಸಾಮಾನಿನ ಸಂತೆಗಳಲ್ಲಿ ಫೋಟೊಗಳ ಪೆಟ್ಟಿಗೆಯೊಂದನ್ನು ಕೆದಕಿದರೆ ಬೇಸ್‌ಬಾಲ್ ತಂಡದ ಒಂದಾದರೂ ಚಿತ್ರ ಕೈಗೆ ಸಿಗುವುದುಂಟು. ಮೀಸೆ ಬಿಟ್ಟ ಹತ್ತು ಹನ್ನೊಂದು ತರುಣರು, ಮುಂದೆ ನೆಲದ ಮೇಲೆ ಕತ್ತರಿಯಾಕಾರದಲ್ಲಿಟ್ಟ ಎರಡು ಬ್ಯಾಟುಗಳು, ಪ್ರತಿಯೊಬ್ಬರ ಎದೆಯ ಮೇಲೂ ಒಂದೊಂದು ದೊಡ್ಡ ಅಕ್ಷರ. ಹಿಂಬದಿಯಲ್ಲಿ ಮಾತ್ರ ಒಬ್ಬರ ಹೆಸರೂ ಇರುವುದಿಲ್ಲ. ಕೆಲವು ವರ್ಷಗಳ ಹಿಂದೆ ಪೆನ್ಸಿಲ್ವೇನಿಯಾದಲ್ಲಿ ನಾನು ಕೊಂಡ ಚಿತ್ರವೂ ಅಂಥದ್ದೇ. ಎದೆಯ ಮೇಲೆ ಇಂಗ್ಲಿಷಿನ ‘ಎಸ್’ ಅಕ್ಷರ ಇದ್ದುದರಿಂದ ಮಾರುವವರು ಅದನ್ನು ಸಿರಕ್ಯೂಸ್ ತಂಡವೆಂದು ಹೇಳಿದರು. ಸಿರಕ್ಯೂಸ್ ಅಂದಿನ ಅತಿ ದೊಡ್ಡ ವೃತ್ತಿಪರ ಲೀಗ್‌ಗಳಲ್ಲಿ, ಅಂದರೆ 1879ರಲ್ಲಿ ನ್ಯಾಷನಲ್ ಲೀಗ್‌ನಲ್ಲೂ 1890ರಲ್ಲಿ ಅಮೆರಿಕನ್ ಅಸೋಸಿಯೇಷನ್‌ನಲ್ಲೂ ಆಡಿದ ತಂಡವಾದ್ದರಿಂದ ಬೆಲೆಯೂ ಅದಕ್ಕೆ ತಕ್ಕಂತೆಯೇ ಇತ್ತು. ಆದರೆ ಚಿತ್ರದ ಕೆಳಗಿನ ರಟ್ಟಿನ ಮೇಲೆ ಅಚ್ಚಾಗಿದ್ದ ಸ್ಟುಡಿಯೊ ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಸೀಮೆಯದು. ಆ ಸೀಮೆಯಲ್ಲಿ ಸ್ಕ್ರಾಂಟನ್, ಶಮೋಕಿನ್, ಶೆನಂಡೋವಾ ಎಂಬ ಊರುಗಳಿವೆ, ಅಲ್ಲಿಗೆ ಹತ್ತಿರದಲ್ಲೇ ಸಸ್ಕ್ವೆಹಾನಾ ನದಿಯ ದಂಡೆಯ ಮೇಲೆ ಸನ್ಬರಿ ಇದೆ. ನಾಲ್ಕೂ ಹೆಸರುಗಳು ಎಸ್ ಅಕ್ಷರದಿಂದಲೇ ಶುರುವಾಗುತ್ತವೆ.

ಆದ್ದರಿಂದ ಈ ಕೆಲಸದಲ್ಲಿ ನಾನು ಪಾಲಿಸುವ ಕ್ರಮವನ್ನು ಮೊದಲೇ ಹೇಳಿಬಿಡುತ್ತೇನೆ. ಎದೆಯ ಮೇಲಿನ ಅಕ್ಷರವನ್ನು ಎಲ್ಲಕ್ಕಿಂತ ಕೊನೆಗೆ ಓದಬೇಕು. ಮೊದಲು ಫೋಟೊದ ಬಗೆ, ಆಮೇಲೆ ಕಾಲ, ಅದಾದ ಮೇಲೆ ಊರು, ಕಟ್ಟಕಡೆಗೆ ತಂಡದ ಹೆಸರು. ಅಕ್ಷರದಿಂದ ಶುರುಮಾಡಿದವರು ಒಂದು ಹೆಸರನ್ನು ಮನಸ್ಸಿನಲ್ಲಿ ಕಟ್ಟಿಕೊಂಡು, ಉಳಿದ ಸಾಕ್ಷ್ಯಗಳನ್ನೆಲ್ಲ ಅದಕ್ಕೇ ಹೊಂದಿಸುತ್ತ ಹೋಗುತ್ತಾರೆ.

ಮೊದಲು ಫೋಟೊ ಯಾವ ಬಗೆಯದೆಂದು ತಿಳಿಯಿರಿ

ಆಟಗಾರರ ಮುಖ ನೋಡುವ ಮುಂಚೆ ಚಿತ್ರ ಯಾವುದರ ಮೇಲೆ ಮೂಡಿದೆ ಎಂಬುದನ್ನು ನೋಡಬೇಕು. ಕನ್ನಡಿಯಂತೆ ಹೊಳೆಯುವ, ಓರೆಯಾಗಿ ಹಿಡಿದಾಗ ರೂಪ ಮಸುಕಾಗುವ ಬೆಳ್ಳಿ ಲೇಪದ ತಗಡಾಗಿದ್ದರೆ ಅದು ಡಗೆರೋಟೈಪ್. 1839ರಲ್ಲಿ ಫ್ರಾನ್ಸಿನಲ್ಲಿ ಪ್ರಕಟವಾದ ಈ ವಿಧಾನ ಅಮೆರಿಕದಲ್ಲಿ 1840 ಮತ್ತು 1850ರ ದಶಕಗಳಲ್ಲಿ ಬಳಕೆಯಲ್ಲಿತ್ತು. ಚಿತ್ರ ಗಾಜಿನ ಮೇಲಿದ್ದು ಹಿಂದೆ ಕಪ್ಪು ಹಚ್ಚಿದ್ದರೆ ಆಂಬ್ರೊಟೈಪ್, ಅದು ಹೆಚ್ಚಾಗಿ 1855ರಿಂದ 1865ರೊಳಗಿನದು. ತೆಳ್ಳನೆಯ ತಗಡಿನ ಹಿಂಬದಿಗೆ ಕಾಗದವೊಂದನ್ನು ಅಡ್ಡ ಹಿಡಿದು ಅಯಸ್ಕಾಂತವನ್ನು ತಂದಾಗ ಅದು ಸೆಳೆದರೆ ಟಿನ್‌ಟೈಪ್ ಎಂದರ್ಥ. ಹೆಸರಿನಲ್ಲಿ ತವರವಿದ್ದರೂ ವಸ್ತು ಕಬ್ಬಿಣವೇ. ಇದಕ್ಕೆ ಪೇಟೆಂಟ್ ಸಿಕ್ಕಿದ್ದು 1856ರಲ್ಲಿ. ಜಾತ್ರೆಗಳಲ್ಲೂ ಸಮುದ್ರತೀರಗಳಲ್ಲೂ ಫೋಟೊ ತೆಗೆಯುವವರು ಇದನ್ನು 20ನೆಯ ಶತಮಾನದ ಆರಂಭದವರೆಗೂ ಬಳಸಿದ್ದರಿಂದ, ಟಿನ್‌ಟೈಪ್ ಎಂದು ಗೊತ್ತಾದ ಮಾತ್ರಕ್ಕೆ ಕಾಲ ತೀರ್ಮಾನವಾಗುವುದಿಲ್ಲ.

ಕಾಗದದ ಚಿತ್ರವನ್ನು ರಟ್ಟಿಗೆ ಅಂಟಿಸಿದ್ದರೆ ಅಳತೆಪಟ್ಟಿ ತೆಗೆದುಕೊಳ್ಳಿ. ಸುಮಾರು ಎರಡೂವರೆ ಇಂಚು ಅಗಲ, ನಾಲ್ಕು ಇಂಚು ಎತ್ತರದ ಪುಟ್ಟ ರಟ್ಟನ್ನು ‘ಕಾರ್ಟ್ ದ ವಿಸಿತ್’ ಎನ್ನುತ್ತಾರೆ. ಇದು ಅಮೆರಿಕದಲ್ಲಿ 1860ರ ಹೊತ್ತಿಗೆ ಹರಡಿತು. ನಾಲ್ಕೂಕಾಲು ಇಂಚು ಅಗಲ, ಆರೂವರೆ ಇಂಚು ಎತ್ತರದ್ದು ‘ಕ್ಯಾಬಿನೆಟ್ ಕಾರ್ಡ್’. 1866ರ ನಂತರ ಬಂದು, 1880 ಮತ್ತು 1890ರ ದಶಕಗಳಲ್ಲಿ ಮೆರೆದು, ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಹಿಂದೆ ಸರಿಯಿತು. ಬೇಸ್‌ಬಾಲ್ ತಂಡಗಳ ಹಳೆಯ ಚಿತ್ರಗಳಲ್ಲಿ ಬಹಳಷ್ಟು ಈ ಅಳತೆಯವು. ಪುಟ್ಟ ರಟ್ಟಿನ ಹಿಂದೆ ತೆರಿಗೆಯ ಸ್ಟ್ಯಾಂಪ್ ಅಂಟಿಸಿದ್ದರೆ ಅದೊಂದು ಭಾಗ್ಯವೆಂದೇ ತಿಳಿಯಿರಿ. ಅಂತರ್ಯುದ್ಧದ ಖರ್ಚಿಗಾಗಿ ಫೋಟೊಗಳ ಮೇಲೆ ವಿಧಿಸಿದ ಆ ತೆರಿಗೆ 1864ರ ಸೆಪ್ಟೆಂಬರ್‌ನಿಂದ 1866ರ ಆಗಸ್ಟ್‌ವರೆಗೆ ಮಾತ್ರ ಇದ್ದುದರಿಂದ, ಎರಡು ವರ್ಷಗಳ ಕಿಂಡಿಯೊಂದು ತಾನಾಗಿಯೇ ತೆರೆದುಕೊಳ್ಳುತ್ತದೆ.

ಚಿತ್ರ ಅಂಚೆ ಕಾರ್ಡಿನ ರೂಪದಲ್ಲಿದ್ದರೆ ಹಿಂಬದಿಯನ್ನು ನೋಡಿ. ನಡುವೆ ಗೆರೆ ಎಳೆದು ಎಡಕ್ಕೆ ಒಕ್ಕಣೆ, ಬಲಕ್ಕೆ ವಿಳಾಸ ಎಂದು ವಿಭಾಗಿಸಿದ್ದರೆ ಅದು 1907ರ ಮಾರ್ಚ್‌ಗಿಂತ ಹಿಂದಿನದಾಗುವುದು ತೀರಾ ಅಪರೂಪ, ಏಕೆಂದರೆ ಅಮೆರಿಕದಲ್ಲಿ ವಿಳಾಸದ ಬದಿಗೆ ಒಕ್ಕಣೆ ಬರೆಯಲು ಅನುಮತಿ ಸಿಕ್ಕಿದ್ದೇ ಆಗ. ಹಿಂಬದಿಯಲ್ಲಿ ಯಾರಾದರೂ ಹೆಸರು ಬರೆದಿದ್ದರೆ ಯಾವುದರಿಂದ ಬರೆದಿದ್ದಾರೆ ಎಂಬುದನ್ನೂ ಗಮನಿಸಿ. ಬಾಲ್‌ಪೆನ್ ಅಮೆರಿಕದ ಅಂಗಡಿಗೆ ಬಂದದ್ದು 1945ರ ಅಕ್ಟೋಬರ್‌ನಲ್ಲಿ. 1890ರ ಚಿತ್ರದ ಹಿಂದೆ ಬಾಲ್‌ಪೆನ್ನಿನಲ್ಲಿ ‘ಎಡದಿಂದ ಮೂರನೆಯವರು ಅಜ್ಜ’ ಎಂದಿದ್ದರೆ ಅದು ಮೊಮ್ಮಕ್ಕಳ ನೆನಪೇ ಹೊರತು ಅಂದಿನವರ ದಾಖಲೆಯಲ್ಲ. ಅದನ್ನು ತಳ್ಳಿಹಾಕಬೇಕಿಲ್ಲ, ಆದರೆ ಬೇರೊಂದು ಸಾಕ್ಷಿ ಸಿಗುವವರೆಗೆ ಪಕ್ಕಕ್ಕೆ ಇಟ್ಟಿರಬೇಕು.

ಇಷ್ಟಾದ ಮೇಲೆ ಎರಡೂ ಬದಿಗಳನ್ನು ಇಂಚಿಗೆ 1200 ಚುಕ್ಕೆಗಳ ದರ್ಜೆಯಲ್ಲಿ ಸ್ಕ್ಯಾನ್ ಮಾಡಿ, ಮೂಲವನ್ನು ಲಕೋಟೆಯಲ್ಲಿಟ್ಟುಬಿಡಿ. ಒದ್ದೆ ಬಟ್ಟೆಯಿಂದ ಒರೆಸುವುದು, ಗಾಜಿನ ಚಿತ್ರವನ್ನು ಅದರ ಕರಡಿಗೆಯಿಂದ ಬಲವಂತವಾಗಿ ಬಿಡಿಸುವುದು ಎಂದೂ ಬೇಡ. ಮುಂದಿನ ಹುಡುಕಾಟವೆಲ್ಲ ಪರದೆಯ ಮೇಲೆ, ಒಂದೊಂದು ಅಂಗುಲವನ್ನೂ ಹಿಗ್ಗಿಸಿ ನಡೆಯಬೇಕು.

ಕನ್ನಡಿಬಿಂಬ ಮತ್ತು ಬಣ್ಣದ ಮೋಸ

ಹಿಗ್ಗಿಸಿ ನೋಡುವ ಮುಂಚೆ ಎರಡು ಮೋಸಗಳನ್ನು ತಿಳಿದಿರಬೇಕು. ಡಗೆರೋಟೈಪ್ ಮತ್ತು ಟಿನ್‌ಟೈಪ್‌ಗಳಲ್ಲಿ ಚಿತ್ರ ಸಾಮಾನ್ಯವಾಗಿ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುವಾಗಿರುತ್ತದೆ. ಎದೆಯ ಅಕ್ಷರ ‘ಎ’, ‘ಎಮ್’, ‘ಎಚ್’, ‘ಟಿ’ಯಂಥದಾದರೆ ತಿರುವಾದದ್ದು ಗೊತ್ತೇ ಆಗದು. ಆಗ ಅಂಗಿಯ ಗುಂಡಿಗಳನ್ನು ನೋಡಬೇಕು. ಗಂಡಸರ ಅಂಗಿಯ ಎಡಪಟ್ಟಿ ಬಲಪಟ್ಟಿಯ ಮೇಲೆ ಬರುತ್ತದೆ, ಚಿತ್ರದಲ್ಲಿ ಅದು ತದ್ವಿರುದ್ಧವಾಗಿದ್ದರೆ ಚಿತ್ರ ತಿರುವಾಗಿದೆ ಎಂದೇ ಅರ್ಥ. ತಂಡದ ಮುಕ್ಕಾಲುಪಾಲು ಆಟಗಾರರು ಬಲಗೈಗೆ ಗ್ಲೌಸ್ ತೊಟ್ಟಂತೆ ಕಂಡರೂ ಇದೇ ಅನುಮಾನ ಮೂಡಬೇಕು.

ಎರಡನೆಯದು ಬಣ್ಣ. 19ನೆಯ ಶತಮಾನದ ಫೋಟೊ ರಾಸಾಯನಿಕಗಳು ನೀಲಿಗೆ ಬೇಗ ಸ್ಪಂದಿಸುತ್ತಿದ್ದವು, ಕೆಂಪಿಗೆ ಬಹುಮಟ್ಟಿಗೆ ಕುರುಡಾಗಿದ್ದವು. ಹಾಗಾಗಿ ನೀಲಿ ಬಟ್ಟೆ ಬಿಳಿಚಿಕೊಂಡು ಕಾಣುತ್ತದೆ, ಕೆಂಪು ಬಟ್ಟೆ ಕಪ್ಪಾಗಿ ಕಾಣುತ್ತದೆ. ಹೆಸರಲ್ಲೇ ಕೆಂಪು ಕಾಲುಚೀಲವಿರುವ ಸಿನ್ಸಿನಾಟಿ ರೆಡ್ ಸ್ಟಾಕಿಂಗ್ಸ್ ತಂಡದ 1869ರ ಚಿತ್ರಗಳಲ್ಲಿ ಆ ಕಾಲುಚೀಲಗಳು ಕಪ್ಪಾಗಿಯೇ ಕಾಣುತ್ತವೆ. ಎಲ್ಲ ಬಣ್ಣಗಳನ್ನೂ ಸರಿಯಾಗಿ ಗ್ರಹಿಸುವ ಫಿಲ್ಮ್ ಸಾಮಾನ್ಯವಾಗಿ ಬಳಕೆಗೆ ಬಂದದ್ದು 1920ರ ದಶಕದ ನಂತರ. ಅದಕ್ಕಿಂತ ಹಳೆಯ ಚಿತ್ರ ನೋಡಿ ‘ಈ ತಂಡದವರು ಕಪ್ಪು ಕಾಲುಚೀಲ ತೊಡುತ್ತಿದ್ದರು, ಆದ್ದರಿಂದ ಇದು ಇಂಥ ತಂಡವಲ್ಲ’ ಎಂದು ವಾದಿಸುವುದು ಕಟ್ಟಡವನ್ನು ಮರಳಿನ ಮೇಲೆ ಕಟ್ಟಿದಂತೆ.

ಉಡುಪು, ಸಲಕರಣೆಗಳಿಂದ ಕಾಲ ನಿರ್ಣಯ

ಇಲ್ಲಿ ಒಂದೇ ನಿಯಮ. ಹೊಸ ವಸ್ತುವೊಂದು ಕಂಡರೆ, ಅದು ಬಳಕೆಗೆ ಬಂದ ವರ್ಷಕ್ಕಿಂತ ಚಿತ್ರ ಹಿಂದಿನದಲ್ಲ ಎಂದು ಹೇಳಬಹುದು. ಹಳೆಯ ವಸ್ತುವೊಂದು ಕಂಡರೆ, ಇಂಥ ವರ್ಷಕ್ಕಿಂತ ಚಿತ್ರ ಈಚಿನದಲ್ಲ ಎಂದು ಹೇಳಲಾಗದು. ಊರಿನ ತಂಡಗಳು ಒಮ್ಮೆ ಹೊಲಿಸಿದ ಉಡುಪನ್ನು ವರ್ಷಗಟ್ಟಲೆ ತೊಡುತ್ತಿದ್ದವು, ದೊಡ್ಡ ತಂಡಗಳು ಬಿಟ್ಟ ಹಳೆಯ ಉಡುಪನ್ನು ಕೊಂಡು ತೊಡುವುದೂ ಇತ್ತು.

ನ್ಯೂಯಾರ್ಕಿನ ನಿಕರ್‌ಬಾಕರ್ ಕ್ಲಬ್ 1849ರಲ್ಲಿ ತನ್ನ ಮೊದಲ ಸಮವಸ್ತ್ರವನ್ನು ಗೊತ್ತುಪಡಿಸಿದಾಗ ಅದರಲ್ಲಿದ್ದದ್ದು ನೀಲಿ ಉಣ್ಣೆಯ ಉದ್ದ ಪ್ಯಾಂಟು, ಬಿಳಿ ಫ್ಲಾನೆಲ್ ಅಂಗಿ, ಹುಲ್ಲಿನ ಟೋಪಿ. ಮೊಣಕಾಲಿನವರೆಗಿನ ಚಲ್ಲಣ ಮತ್ತು ಉದ್ದ ಕಾಲುಚೀಲಗಳನ್ನು ಜನಪ್ರಿಯಗೊಳಿಸಿದ್ದು 1868–69ರ ಸಿನ್ಸಿನಾಟಿ ತಂಡ. ಅದರ ನಾಯಕ ಹ್ಯಾರಿ ರೈಟ್ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹುಟ್ಟಿದ ಕ್ರಿಕೆಟಿಗರಾಗಿದ್ದವರು ಎಂಬುದು ನಮ್ಮ ಓದುಗರಿಗೆ ಹಿಡಿಸಬಹುದಾದ ಸಂಗತಿ. ಎದೆಯ ಮೇಲೆ ಗುರಾಣಿಯಾಕಾರದ ಪಟ್ಟಿಯನ್ನು ಗುಂಡಿಗಳಿಂದ ಕೂರಿಸಿದ ಅಂಗಿ 1860–70ರ ದಶಕಗಳ ಲಕ್ಷಣ, ಎದೆಯ ಬಳಿ ಲೇಸ್ ಕಟ್ಟುವ ಅಂಗಿ 1880–90ರ ದಶಕಗಳದು. ಮಡಿಚಿದ ಕಾಲರ್ ಹೋಗಿ ಕುತ್ತಿಗೆಯ ಸುತ್ತ ನೆಟ್ಟಗೆ ನಿಲ್ಲುವ ಗಿಡ್ಡ ಕಾಲರ್ ಕಂಡರೆ ಹೆಚ್ಚುಕಡಿಮೆ 1906ರಿಂದ 1915ರ ಸುತ್ತಮುತ್ತಲಿನ ಕಾಲವನ್ನು ಊಹಿಸಬಹುದು. ಬೆನ್ನಿನ ಮೇಲೆ ಸಂಖ್ಯೆ ಇದ್ದರೆ ಕೆಲಸ ಇನ್ನೂ ಹಗುರ: ಕ್ಲೀವ್‌ಲ್ಯಾಂಡ್ ತಂಡ 1916ರಲ್ಲಿ ತೋಳಿನ ಮೇಲೆ ಸಂಖ್ಯೆ ಹಾಕಿ ನೋಡಿತ್ತಾದರೂ, ನ್ಯೂಯಾರ್ಕ್ ಯಾಂಕೀಸ್ ಮತ್ತು ಕ್ಲೀವ್‌ಲ್ಯಾಂಡ್ ತಂಡಗಳು ಬೆನ್ನಿನ ಮೇಲೆ ಸಂಖ್ಯೆ ಹಾಕತೊಡಗಿದ್ದು 1929ರಲ್ಲಿ. ಗುಂಡಿಯ ಬದಲು ಜಿಪ್ ಇದ್ದರೆ 1937ರಿಂದ ಈಚೆಗೆ, ಎದೆಯ ಕಡೆಯೂ ಸಂಖ್ಯೆ ಇದ್ದರೆ 1952ರಿಂದ ಈಚೆಗೆ, ಬೆನ್ನಿನ ಮೇಲೆ ಆಟಗಾರನ ಹೆಸರಿದ್ದರೆ 1960ರಿಂದ ಈಚೆಗೆ. ಬೇಸ್‌ಬಾಲ್‌ಗೆ ನೂರು ವರ್ಷ ತುಂಬಿತೆಂದು 1939ರಲ್ಲಿ ಮೇಜರ್ ಲೀಗ್‌ನ (ಅಮೆರಿಕದ ಅತ್ಯುನ್ನತ ದರ್ಜೆಯ ವೃತ್ತಿಪರ ಬೇಸ್‌ಬಾಲ್‌ನ) ಎಲ್ಲ ತಂಡಗಳೂ ತೋಳಿನ ಮೇಲೆ ವಿಶೇಷ ಬಿಲ್ಲೆಯೊಂದನ್ನು ಹೊಲಿಸಿಕೊಂಡಿದ್ದವು. ಅದು ಕಂಡರೆ ವರ್ಷವೇ ಸಿಕ್ಕಂತೆ.

ಉಡುಪಿಗಿಂತ ನನಗೆ ಸಲಕರಣೆಗಳ ಮೇಲೆ ನಂಬಿಕೆ ಹೆಚ್ಚು, ಏಕೆಂದರೆ ಪೆಟ್ಟು ತಪ್ಪಿಸುವ ವಸ್ತುವನ್ನು ಆಟಗಾರರು ಬೇಗ ಕೊಳ್ಳುತ್ತಾರೆ. 1860ರ ದಶಕದ ಚಿತ್ರಗಳಲ್ಲಿ ಎಲ್ಲರೂ ಬರಿಗೈಯವರೇ. ಹಾರ್ವರ್ಡ್‌ನ ಫ್ರೆಡ್ ಥೇಯರ್ ರೂಪಿಸಿದ, ಕ್ಯಾಚರ್‌ನ (ಬ್ಯಾಟ್ ಹಿಡಿದವನ ಹಿಂದೆ ಕುಳಿತು ಚೆಂಡು ಹಿಡಿಯುವವನ) ತಂತಿ ಮುಖಕವಚಕ್ಕೆ ಪೇಟೆಂಟ್ ದೊರೆತದ್ದು 1878ರಲ್ಲಿ. ಎದೆಕವಚ 1880ರ ದಶಕದಲ್ಲಿ ಬಂತು, ದಿಂಬಿನಂತೆ ಉಬ್ಬಿದ ಕ್ಯಾಚರ್ ಗ್ಲೌಸ್ ಆ ದಶಕದ ಕೊನೆಗೆ. ಮೊಣಕಾಲ ಕೆಳಗಿನ ಕವಚವನ್ನು ಹೊರಗೆ ಕಾಣುವಂತೆ ಕಟ್ಟಿಕೊಂಡು ಆಡುವುದನ್ನು ರೂಢಿಗೆ ತಂದವರು ನ್ಯೂಯಾರ್ಕ್ ಜೈಂಟ್ಸ್‌ನ ರೋಜರ್ ಬ್ರೆಸ್ನಹನ್, 1907ರಲ್ಲಿ. ಗ್ಲೌಸಿನ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಚರ್ಮದ ದಾರಗಳ ಜಾಳಿಗೆ ಹೆಣೆದಿದ್ದರೆ, ಪಿಚರ್ (ಚೆಂಡೆಸೆಯುವ ಆಟಗಾರ) ಬಿಲ್ ಡೋಕ್ ಸೂಚಿಸಿದ ಮಾದರಿ ಮಾರುಕಟ್ಟೆಗೆ ಬಂದ 1920ರ ನಂತರದ್ದು. ಇನ್ನೊಂದು ಮಾತನ್ನು ಕ್ರಿಕೆಟ್ ನೋಡಿ ಬೆಳೆದ ನಾವು ವಿಶೇಷವಾಗಿ ನೆನಪಿಡಬೇಕು. ಬ್ಯಾಟಿನ ಒಂದು ಮೈ ಚಪ್ಪಟೆಯಾಗಿ ಕಂಡ ಕೂಡಲೇ ಕ್ರಿಕೆಟ್ ತಂಡವೆಂದು ತೀರ್ಮಾನಿಸಬಾರದು. 1885ರಿಂದ 1893ರವರೆಗೆ ನ್ಯಾಷನಲ್ ಲೀಗ್‌ನ ನಿಯಮಗಳೇ ಒಂದು ಬದಿ ಚಪ್ಪಟೆಯಾದ ಬ್ಯಾಟಿಗೆ ಅವಕಾಶ ಕೊಟ್ಟಿದ್ದವು.

ನನ್ನ ಚಿತ್ರದಲ್ಲಿ ಈ ಹಂತ ಹೀಗೆ ನಡೆಯಿತು. ಅಳತೆಯಿಂದ ಕ್ಯಾಬಿನೆಟ್ ಕಾರ್ಡ್. ಅಂಗಿಗಳು ಲೇಸ್ ಕಟ್ಟುವಂಥವು. ಎಡತುದಿಯಲ್ಲಿ ಕುಳಿತ ದಪ್ಪ ಮೀಸೆಯವನ ತೊಡೆಯ ಮೇಲೆ ಮುಖಕವಚವಿದೆ, ಅದರ ತಂತಿಗಳ ಹಿಂದೆ ಅರ್ಧ ಮರೆಯಾಗಿ ಉಬ್ಬಿದ ಗ್ಲೌಸ್ ಇದೆ. ಬರಿಗಣ್ಣಿಗೆ ಅದು ಮಡಿಚಿಟ್ಟ ಟೋಪಿಯಂತೆ ಕಂಡಿತ್ತು, ಹಿಗ್ಗಿಸಿದಾಗ ಅಂಚಿನ ಹೊಲಿಗೆ ಕಾಣಿಸಿತು. ಆ ಹೊಲಿಗೆಯೊಂದರಿಂದ ಚಿತ್ರದ ಕಾಲ 1880ರ ದಶಕದ ಕೊನೆಯಿಂದ ಈಚೆಗೆ ಬಂತು, 1879ರ ಸಿರಕ್ಯೂಸ್ ತಂಡದ ಮಾತು ಅಲ್ಲಿಗೇ ಮುಗಿಯಿತು.

ಊರನ್ನು ಹುಡುಕುವುದು

ರಟ್ಟಿನ ಮೇಲೆ ಸ್ಟುಡಿಯೊದ ಹೆಸರು ಮತ್ತು ಬೀದಿ ಅಚ್ಚಾಗಿದ್ದರೆ ಆ ಊರಿನ ಹಳೆಯ ವಿಳಾಸ ಕೈಪಿಡಿಗಳನ್ನು ಹುಡುಕಿ. ಹಲವು ನಗರಗಳಲ್ಲಿ ವರ್ಷಕ್ಕೊಮ್ಮೆ ಅಚ್ಚಾಗುತ್ತಿದ್ದ ಈ ಪುಸ್ತಕಗಳಲ್ಲಿ ಫೋಟೊ ಸ್ಟುಡಿಯೊಗಳ ಪಟ್ಟಿ ಬೇರೆಯೇ ಇರುತ್ತದೆ. ಸ್ಟುಡಿಯೊ ಯಾವ ವರ್ಷ ಆ ಬೀದಿಗೆ ಬಂತು, ಯಾವ ವರ್ಷ ಬಿಟ್ಟಿತು, ಪಾಲುದಾರರ ಹೆಸರು ಯಾವಾಗ ಸೇರಿತು ಎಂಬುದನ್ನು ವರ್ಷ ವರ್ಷ ಹಿಡಿದು ನೋಡಿದರೆ ಹತ್ತು ವರ್ಷದ ಅಂದಾಜು ಮೂರು ವರ್ಷಕ್ಕೆ ಇಳಿಯುತ್ತದೆ. ಜನಗಣತಿಯನ್ನೇ ನೆಚ್ಚಿ ಕೂರುವಂತಿಲ್ಲ. 1890ರ ಜನಗಣತಿಯ ಹಾಳೆಗಳು 1921ರ ಬೆಂಕಿಯಿಂದಾಗಿ ಬಹುಪಾಲು ಇಲ್ಲವಾದವು, ಕ್ಯಾಬಿನೆಟ್ ಕಾರ್ಡುಗಳ ಸುಗ್ಗಿಯ ಕಾಲವೂ ಅದೇ; ಆ ಖಾಲಿ ಜಾಗವನ್ನು ಸ್ವಲ್ಪಮಟ್ಟಿಗಾದರೂ ತುಂಬುವುದು ಈ ವಿಳಾಸ ಕೈಪಿಡಿಗಳೇ. ಸ್ಟುಡಿಯೊದ ಊರೇ ತಂಡದ ಊರಾಗಿರಬೇಕೆಂದಿಲ್ಲ ಎಂಬುದೂ ಮನಸ್ಸಿನಲ್ಲಿರಲಿ. ಪಂದ್ಯಕ್ಕೆಂದು ಬಂದ ತಂಡವೂ ಅಲ್ಲಿ ಫೋಟೊ ತೆಗೆಸಿಕೊಂಡಿರಬಹುದು.

ಚಿತ್ರ ಹೊರಗೆ ತೆಗೆದದ್ದಾದರೆ ಆಟಗಾರರ ತಲೆಯ ಮೇಲಿನ ಜಾಗವನ್ನು ನೋಡಿ. ಬೇಲಿಯ ಮೇಲಿನ ಜಾಹೀರಾತಿನಲ್ಲಿ ಊರಿನ ಬಟ್ಟೆ ಅಂಗಡಿಯ ಹೆಸರೊಂದಿದ್ದರೆ ಸಾಕು, ವಿಳಾಸ ಕೈಪಿಡಿಯಲ್ಲಿ ಅದು ಸಿಕ್ಕೇ ಸಿಗುತ್ತದೆ. ಹಿನ್ನೆಲೆಯಲ್ಲಿ ಕಾರ್ಖಾನೆಯ ಚಿಮಣಿ, ಚರ್ಚಿನ ಗೋಪುರ, ರೈಲು ಹಳಿ ಇದ್ದರೆ ಸ್ಯಾನ್‌ಬರ್ನ್ ಕಂಪನಿ ಅಗ್ನಿವಿಮೆಗಾಗಿ ತಯಾರಿಸಿದ ಊರುಗಳ ನಕ್ಷೆಗಳನ್ನು ತೆರೆಯಿರಿ. ವಾಷಿಂಗ್ಟನ್ನಿನ ಬೃಹತ್ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ ಅವನ್ನು ಜಾಲದಲ್ಲಿ ಉಚಿತವಾಗಿ ತೋರಿಸುತ್ತದೆ, ಒಂದೊಂದು ಕಟ್ಟಡ ಇಟ್ಟಿಗೆಯದೋ ಮರದ್ದೋ ಎಂಬುದೂ ಅದರಲ್ಲಿದೆ. ಉಕ್ಕು ಮತ್ತು ಕಾಂಕ್ರೀಟಿನ ಭಾರಿ ಪ್ರೇಕ್ಷಕಾಂಗಣ ಕಂಡರೆ ಫಿಲಡೆಲ್ಫಿಯಾದ ಶೈಬ್ ಪಾರ್ಕ್ ಮತ್ತು ಪಿಟ್ಸ್‌ಬರ್ಗ್‌ನ ಫೋರ್ಬ್ಸ್ ಫೀಲ್ಡ್ ತೆರೆದ 1909ರಿಂದ ಈಚಿನ ಕಾಲವನ್ನು ನೋಡಬೇಕು. ರಾತ್ರಿ ಆಟದ ದೀಪಸ್ತಂಭಗಳಿದ್ದರೆ 1930ರಿಂದ ಈಚಿನದನ್ನು.

ಈಗ ಅಕ್ಷರವನ್ನು ಓದಬಹುದು

ಅಕ್ಷರಗಳ ಕೊನೆಯಲ್ಲಿ ‘ಬಿ.ಬಿ.ಸಿ.’ ಎಂದಿದ್ದರೆ ಅದು ‘ಬೇಸ್ ಬಾಲ್ ಕ್ಲಬ್’ ಎಂಬುದರ ಸಂಕ್ಷೇಪ. ಅದರ ಹಿಂದಿನ ಅಕ್ಷರವಷ್ಟೇ ಊರಿನದೋ ಕ್ಲಬ್ಬಿನದೋ ಆಗಿರುತ್ತದೆ. ಅಕ್ಷರ ಊರಿನದೇ ಎಂದೂ ಹೇಳುವಂತಿಲ್ಲ. ಗಣಿ ಕಂಪನಿ, ರೈಲ್ವೆ, ಗಿರಣಿ, ಕಾಲೇಜು, ಚರ್ಚು, ಸೇನಾ ತುಕಡಿ, ಸೆರೆಮನೆ — ಎಲ್ಲಕ್ಕೂ ತಂಡಗಳಿದ್ದವು, ಮೇಜರ್ ಲೀಗ್ ತಂಡಗಳ ಸಂಖ್ಯೆ ಇವುಗಳ ಮುಂದೆ ಲೆಕ್ಕಕ್ಕೇ ಬಾರದು. ಆದ್ದರಿಂದ ಅಜ್ಞಾತ ತಂಡವೊಂದು ಮೇಜರ್ ಲೀಗ್ ತಂಡವಾಗಿರುವ ಸಾಧ್ಯತೆ ಯಾವಾಗಲೂ ಕಡಿಮೆ ಎಂದೇ ಇಟ್ಟುಕೊಂಡು ಹೊರಡಬೇಕು.

ಪೂರ್ತಿ ಹೆಸರೇ ಇದ್ದರೂ ಎಚ್ಚರ ಬೇಕು. ‘ಜೈಂಟ್ಸ್’ ಎಂದ ಕೂಡಲೇ ನ್ಯೂಯಾರ್ಕ್ ಎನ್ನಲಾಗದು. ವರ್ಣಭೇದದಿಂದ ದೊಡ್ಡ ಲೀಗ್‌ಗಳ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಕರಿಯ ಆಟಗಾರರ ಎಷ್ಟೋ ತಂಡಗಳು ಆ ಹೆಸರನ್ನು ಇಟ್ಟುಕೊಂಡಿದ್ದವು. 1885ರಲ್ಲಿ ಹುಟ್ಟಿದ ಕ್ಯೂಬನ್ ಜೈಂಟ್ಸ್ ಅವುಗಳಲ್ಲಿ ಮೊದಲ ವೃತ್ತಿಪರ ತಂಡ. ಹೆಸರಲ್ಲಿ ಕ್ಯೂಬಾ ಇದ್ದರೂ ಆಟಗಾರರು ಅಮೆರಿಕದವರೇ, ತಂಡ ರೂಪುಗೊಂಡದ್ದು ನ್ಯೂಯಾರ್ಕಿನ ಲಾಂಗ್ ಐಲ್ಯಾಂಡ್‌ನ ಬ್ಯಾಬಿಲನ್ ಎಂಬಲ್ಲಿನ ಹೋಟೆಲ್ ಒಂದರಲ್ಲಿ. ಎದೆಯ ಮೇಲೆ ಹೆಸರೇ ಇಲ್ಲದೆ ಎಲ್ಲರೂ ಉದ್ದ ಕೂದಲು, ಉದ್ದ ಗಡ್ಡ ಬಿಟ್ಟಿದ್ದರೆ ಮಿಶಿಗನ್‌ನ ಬೆಂಟನ್ ಹಾರ್ಬರ್‌ನ ಧಾರ್ಮಿಕ ಸಮುದಾಯವಾದ ಹೌಸ್ ಆಫ್ ಡೇವಿಡ್ ನೆನಪಾಗಬೇಕು, ಜೊತೆಗೆ ಅವರ ಖ್ಯಾತಿಯನ್ನು ನಕಲು ಮಾಡಿ ಗಡ್ಡ ಬಿಟ್ಟು ಊರೂರು ಸುತ್ತಿದ ಬೇರೆ ತಂಡಗಳೂ ನೆನಪಾಗಬೇಕು. ಜಪಾನಿ ಮೂಲದ ಆಟಗಾರರಿರುವ ಚಿತ್ರವನ್ನು ಜಪಾನಿನದೆಂದು ಬರೆದುಬಿಡುವುದೂ ಆಗಾಗ ನಡೆಯುವ ತಪ್ಪು. ಜಪಾನಿ ಮೂಲದವರದೇ ಆದ ಕೆನಡಾದ ವ್ಯಾಂಕೂವರ್ ಅಸಾಹಿ ತಂಡ 1914ರಿಂದ 1941ರವರೆಗೆ ಆಡಿತ್ತು.

ಊರು ಮತ್ತು ಕಾಲ ಕೈಯಲ್ಲಿದ್ದರೆ ಪತ್ರಿಕೆಗಳತ್ತ ಹೊರಡಿ. ಲೈಬ್ರರಿ ಆಫ್ ಕಾಂಗ್ರೆಸ್ ಜಾಲದಲ್ಲಿಟ್ಟಿರುವ ಹಳೆಯ ಪತ್ರಿಕೆಗಳ ಸಂಗ್ರಹ ‘ಕ್ರಾನಿಕ್ಲಿಂಗ್ ಅಮೆರಿಕ’ ಉಚಿತ. ಹುಡುಕುವಾಗ ಒಂದು ಗುಟ್ಟು: 19ನೆಯ ಶತಮಾನದಲ್ಲಿ ‘ಬೇಸ್ ಬಾಲ್’ ಎಂದು ಎರಡು ಪದವಾಗಿ ಬರೆಯುತ್ತಿದ್ದರು, ಒಂದೇ ಪದವಾಗಿ ಹುಡುಕಿದರೆ ಅರ್ಧಕ್ಕರ್ಧ ಸುದ್ದಿಗಳು ತಪ್ಪಿಹೋಗುತ್ತವೆ. ‘ಹೊಸ ಸಮವಸ್ತ್ರ’ ಎಂಬ ಪದಗಳನ್ನೂ ಸೇರಿಸಿ ಹುಡುಕಿ, ಏಕೆಂದರೆ ಊರಿನ ಪತ್ರಿಕೆಗಳು ತಂಡದ ಹೊಸ ಉಡುಪಿನ ಬಣ್ಣವನ್ನು, ಅಕ್ಷರವನ್ನು, ಕೆಲವೊಮ್ಮೆ ಫೋಟೊ ತೆಗೆಸಿದ ದಿನವನ್ನೂ ಸುದ್ದಿ ಮಾಡುತ್ತಿದ್ದವು. ಪತ್ರಿಕೆಗಳ ಜೊತೆಗೆ ಕ್ರೀಡಾ ಸಲಕರಣೆಗಳ ಸ್ಪಾಲ್ಡಿಂಗ್ ಕಂಪನಿಯ ವಾರ್ಷಿಕ ಬೇಸ್‌ಬಾಲ್ ಕೈಪಿಡಿಗಳನ್ನೂ ತಿರುವಿಹಾಕಿ. 1889ರಿಂದ 1939ರವರೆಗಿನ ಸಂಚಿಕೆಗಳನ್ನು ಅದೇ ಗ್ರಂಥಾಲಯ ಜಾಲದಲ್ಲಿ ಇಟ್ಟಿದೆ. ಅವುಗಳಲ್ಲಿ ಸಣ್ಣ ಲೀಗ್‌ಗಳ ತಂಡಗಳ ಚಿತ್ರಗಳೂ ಇವೆ, ಒಬ್ಬೊಬ್ಬ ಆಟಗಾರನಿಗೂ ಸಂಖ್ಯೆ ಕೊಟ್ಟು ಕೆಳಗೆ ಹೆಸರು ಅಚ್ಚು ಮಾಡಿದ್ದಾರೆ. 1900ರ ನಂತರದ ಮೇಜರ್ ಲೀಗ್ ಉಡುಪುಗಳಿಗೆ ಕೂಪರ್ಸ್‌ಟೌನ್‌ನ ಬೇಸ್‌ಬಾಲ್ ವಸ್ತುಸಂಗ್ರಹಾಲಯವಾದ ಹಾಲ್ ಆಫ್ ಫೇಮ್ ವರ್ಷವಾರು ರೇಖಾಚಿತ್ರಗಳನ್ನು ಜಾಲದಲ್ಲಿ ಒದಗಿಸಿದೆ.

ಮುಖಗಳ ಹೋಲಿಕೆ

ಹೆಸರಿರುವ ಇನ್ನೊಂದು ಚಿತ್ರ ಸಿಕ್ಕರೆ ಮುಖಗಳನ್ನು ಹೋಲಿಸಬಹುದು. ಮೀಸೆ, ಕೂದಲು, ಮೈದುಂಬಿದ ಕೆನ್ನೆ ವರ್ಷದೊಳಗೆ ಬದಲಾಗುತ್ತವೆ; ಕಿವಿಯ ಆಕಾರ, ಕಿವಿಯ ಹಾಲೆ ಕೆನ್ನೆಗೆ ಸೇರುವ ರೀತಿ, ಎರಡು ಕಣ್ಣುಗಳ ನಡುವಿನ ಅಂತರ ಬೇಗ ಬದಲಾಗುವುದಿಲ್ಲ. ಹೋಲಿಕೆಯನ್ನು ಹುಡುಕುವುದಕ್ಕಿಂತ ವ್ಯತ್ಯಾಸವನ್ನು ಹುಡುಕಿ. ಕಿವಿ ಸ್ಪಷ್ಟವಾಗಿ ಬೇರೆಯಾಗಿದ್ದರೆ ಉಳಿದದ್ದು ಎಷ್ಟು ಹೋಲಿದರೂ ಆ ವ್ಯಕ್ತಿಯನ್ನು ಕೈಬಿಡಬೇಕು. ಒಬ್ಬನ ಮುಖ ಹೊಂದಿದ್ದರಿಂದ ತಂಡ ನಿಶ್ಚಯವಾಗುವುದೂ ಇಲ್ಲ, ಆಟಗಾರರು ವರ್ಷಕ್ಕೊಂದು ತಂಡ ಬದಲಿಸುತ್ತಿದ್ದರು. ಇಬ್ಬರು ಮೂವರು ಒಂದೇ ಋತುವಿನಲ್ಲಿ ಒಂದೇ ಕಡೆ ಆಡಿದ್ದು ಪತ್ರಿಕೆಯಲ್ಲಿ ಸಿಗಬೇಕು.

ಇದು ಒಬ್ಬರೇ ಮಾಡುವ ಕೆಲಸವಲ್ಲ. ಸುದ್ದಿ ಛಾಯಾಚಿತ್ರಗಳ ಸಂಸ್ಥೆ ನಡೆಸಿದ ಜಾರ್ಜ್ ಗ್ರಂಥಮ್ ಬೇನ್ ಅವರ ಸಂಗ್ರಹದ ಸುಮಾರು 40,000 ಗಾಜಿನ ನೆಗೆಟಿವ್‌ಗಳು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಗಾಜಿನ ಮೇಲೆ ಗೀಚಿದ್ದ ಹೆಸರುಗಳು ಎಷ್ಟೋ ಕಡೆ ಅರೆಬರೆಯಾಗಿದ್ದವು, ತಪ್ಪಾಗಿಯೂ ಇದ್ದವು. 2008ರಲ್ಲಿ ಅವನ್ನು ಫ್ಲಿಕರ್ ಎಂಬ ಫೋಟೊ ಜಾಲತಾಣದಲ್ಲಿ ಸಾರ್ವಜನಿಕರ ಮುಂದಿಡಲು ಶುರುಮಾಡಿದಾಗ, ಬೇಸ್‌ಬಾಲ್ ಬಲ್ಲ ಸಾಮಾನ್ಯ ಓದುಗರು ಆಟಗಾರರನ್ನೂ ಮೈದಾನಗಳನ್ನೂ ದಿನಾಂಕಗಳನ್ನೂ ಪತ್ತೆ ಮಾಡಿಕೊಟ್ಟರು, ಗ್ರಂಥಾಲಯ ತನ್ನ ದಾಖಲೆಗಳನ್ನು ತಿದ್ದಿಕೊಂಡಿತು. 1971ರಲ್ಲಿ ಸ್ಥಾಪನೆಯಾದ ‘ಸೇಬರ್’ ಎಂಬ ಬೇಸ್‌ಬಾಲ್ ಸಂಶೋಧಕರ ಸಂಘದಲ್ಲಿ ಹಳೆಯ ಚಿತ್ರಗಳಿಗೆಂದೇ ಒಂದು ಸಮಿತಿ ಇದೆ. ಸಂಬಂಧಪಟ್ಟ ಊರಿನ ಇತಿಹಾಸ ಸಂಘಕ್ಕೆ ಸ್ಕ್ಯಾನ್ ಕಳಿಸುವುದನ್ನಂತೂ ಮರೆಯಬೇಡಿ. ಅದೇ ತಂಡದ ಮತ್ತೊಂದು ಪ್ರತಿ, ಹಿಂಬದಿಯಲ್ಲಿ ಹೆಸರುಗಳ ಸಹಿತ, ಅವರ ಕಪಾಟಿನಲ್ಲಿ ಇರಬಹುದು. ಕಳಿಸುವಾಗ ನಿಮ್ಮ ಊಹೆಯನ್ನು ಮೊದಲೇ ಹೇಳದಿರಿ. ‘ಇದು ಶಮೋಕಿನ್ ತಂಡವೇ?’ ಎಂದು ಕೇಳಿದರೆ ಹೌದೆನ್ನುವವರು ಹೆಚ್ಚು. ‘ಇದು ಯಾವ ತಂಡ?’ ಎಂದು ಕೇಳಿದಾಗ ಬರುವ ಉತ್ತರಕ್ಕೆ ತೂಕ ಹೆಚ್ಚು.

ತಿಳಿದದ್ದನ್ನು ಬರೆದಿಡುವುದು

ಸಿಕ್ಕ ಸಾಕ್ಷ್ಯಗಳನ್ನು ಮೂರು ಬಗೆಯಾಗಿ ವಿಂಗಡಿಸಿ ಬರೆಯಿರಿ: ವಸ್ತುವಿನಿಂದಲೇ ಖಚಿತವಾದದ್ದು, ಬೇರೆ ದಾಖಲೆಯಿಂದ ಹೊಂದಿಕೆಯಾದದ್ದು, ಬರೀ ಊಹೆ. ಒಂದಕ್ಕೊಂದು ಸಂಬಂಧವಿಲ್ಲದ ಕನಿಷ್ಠ ಎರಡು ಸಾಕ್ಷ್ಯಗಳು, ಉದಾಹರಣೆಗೆ ಸಮವಸ್ತ್ರದ ವಿವರವಿರುವ ಪತ್ರಿಕೆಯ ಸುದ್ದಿ ಮತ್ತು ಹೆಸರಿರುವ ಇನ್ನೊಂದು ಚಿತ್ರ, ಒಂದೇ ತಂಡವನ್ನು ತೋರಿಸುವವರೆಗೆ ಹೆಸರನ್ನು ಖಚಿತವೆಂದು ಬರೆಯಬಾರದು. ತಪ್ಪು ಹೆಸರು ಒಮ್ಮೆ ಅಂಟಿದರೆ ಚಿತ್ರ ಕೈಯಿಂದ ಕೈಗೆ ಹೋದಂತೆಲ್ಲ ಅದೂ ಜೊತೆಗೇ ಹೋಗುತ್ತದೆ, ಮೇಜರ್ ಲೀಗ್‌ನ ಹನ್ನೊಂದು ಜನರ ಹೆಸರಿನಡಿ ಗಣಿ ಊರಿನ ಹನ್ನೊಂದು ಹುಡುಗರು ಎಂದೆಂದಿಗೂ ಮುಚ್ಚಿಹೋಗುತ್ತಾರೆ. ಬರೆಯುವುದನ್ನು ಚಿತ್ರದ ಮೇಲಲ್ಲ, ಅದನ್ನಿಡುವ ಆಮ್ಲರಹಿತ ಕಾಗದದ ಲಕೋಟೆಯ ಮೇಲೆ, ಚಿತ್ರವನ್ನು ಒಳಗಿಡುವ ಮುಂಚೆಯೇ, ಮೆತ್ತನೆಯ ಪೆನ್ಸಿಲಿನಲ್ಲಿ ಬರೆಯಬೇಕು. ನನ್ನ ಲಕೋಟೆಯ ಮೇಲೆ ಸದ್ಯಕ್ಕೆ ಹೀಗಿದೆ: ‘ಕ್ಯಾಬಿನೆಟ್ ಕಾರ್ಡ್. ಸ್ಟುಡಿಯೊ ಪೆನ್ಸಿಲ್ವೇನಿಯಾ ಕಲ್ಲಿದ್ದಲು ಸೀಮೆ, ಖಚಿತ. ಕಾಲ 1880ರ ದಶಕದ ಕೊನೆಯಿಂದ 1890ರ ದಶಕ, ಕ್ಯಾಚರ್ ಗ್ಲೌಸ್ ಮತ್ತು ರಟ್ಟಿನ ಆಧಾರದಿಂದ. ಅಕ್ಷರ ಎಸ್. ಶಮೋಕಿನ್ ಅಥವಾ ಶೆನಂಡೋವಾ, ಊಹೆ. ಸಿರಕ್ಯೂಸ್ ಎಂದು ಮಾರಿದವರ ಹೇಳಿಕೆ, ಆಧಾರವಿಲ್ಲ.’ ಅದರ ಕೆಳಗೆ ಇನ್ನೂ ನಾಲ್ಕು ಸಾಲು ಹಿಡಿಸುವಷ್ಟು ಜಾಗ ಬಿಟ್ಟಿದ್ದೇನೆ.